ಗೌರತ್ತೆಯ ವಿಮಾನಕ್ಕೆ ಸೆಕೆಯಾದದ್ದು

ಟಿಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಿಣ್, ಟಿಣ್, ಯಾರೋ ಹಿತ್ತಾಳೆ ಲೋಟವನ್ನು ಉಗುರಿನಿಂದ ಬಡಿದ ಹಾಗೆ. ಓಡಿ ಓಡಿ ಕಾದ ಎಂಜಿನ್ನು ನಿಂತ ಮೇಲೆ ತಣ್ಣಗಾಗುತ್ತಾ ಮಾಡುವ ಸದ್ದು ಅದು. ಈಗಲೂ ಎದುರು ಮನೆಯವರ ಕಾರು ಬಿಸಿಲಲ್ಲಿ ಬಂದು ಗೇಟಿನ ಮುಂದೆ ನಿಂತು ಟಿಣ್ ಎಂದರೆ, ನಾನು ಕೈಯಲ್ಲಿದ್ದ ಕ್ರಾಸ್‌ವರ್ಡನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಮಿಕ್ಕವರಿಗೆ ಅದು ಕಾರು. ನನಗೆ ಮಾತ್ರ ಹುಣಸೂರಿನ ಹೊರಗಿನ ಹೊಲ, ಏಪ್ರಿಲ್ ತಿಂಗಳ ಬಿಸಿಲು, ಮೂಗಿಗೆಲ್ಲ ಆಯಿಲ್ ಬಳಿದುಕೊಂಡು ನಿಂತ ನಮ್ಮ ಗೌರತ್ತೆ.

ಗೌರತ್ತೆ ನಮ್ಮ ಅಪ್ಪಾಜಿಯ ತಂಗಿ. ಆಕೆಗೆ ಒಂದು ವಿಮಾನವಿತ್ತು. ಹೀಗೆ ಹೇಳಿದರೆ ಈಗಿನ ಜನ ನನ್ನ ನರೆಗೂದಲು ನೋಡಿ, ‘ಹೌದಾ ಅಜ್ಜಿ’ ಎಂದು ಮೆತ್ತಗೆ ಅನ್ನುತ್ತಾರೆ. ಆ ಮೆತ್ತಗಿನ ದನಿ ನನಗೆ ಆಗಿಬರುವುದಿಲ್ಲ. ಇತ್ತು ಅಂದರೆ ಇತ್ತು. ಎರಡೇ ಸೀಟು, ಬಟ್ಟೆ ಹೊದಿಸಿದ ರೆಕ್ಕೆ, ಮುಂದೆ ಒಂದು ಮರದ ಪ್ರೊಪೆಲ್ಲರು. ಅದರ ಹಿಂದೆ ನಾಲ್ಕು ಸಿಲಿಂಡರಿನ ಎಂಜಿನ್ನು, ಎರಡು ಆ ಕಡೆ ಎರಡು ಈ ಕಡೆ ತೋಳು ಚಾಚಿಕೊಂಡು ಕೂತಿರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡದ್ದನ್ನೆಲ್ಲ ಹರಾಜು ಹಾಕಿದಾಗ, ಕೆ.ಆರ್. ನಗರದಲ್ಲಿ ರೈಸ್ ಮಿಲ್ ಇಟ್ಟಿದ್ದ ನಮ್ಮ ಮಾವ ಜೀಪು ತರಲು ಹೋಗಿ ವಿಮಾನ ತಂದರು. ಒಂದೇ ಒಂದು ಸಲ ಬಾಡಿಗೆ ಪೈಲಟ್ಟಿನ ಪಕ್ಕ ಕೂತು ಮೇಲೆ ಹೋದರು. ಬೆಳಗಿನ ಉಪ್ಪಿಟ್ಟೆಲ್ಲ ಆಚೆ ಬಂತು. ಕೆಳಗಿಳಿದವರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ‘ನಂಗೆ ಈ ಭೂಮಿ ಸಾಕು ಕಣೆ’ ಎಂದರು. ಅವರು ಬಿಟ್ಟ ಸೀಟಿಗೆ ಹತ್ತಿ ಕೂತ ಅತ್ತೆ ಮಾತ್ರ ಇಳಿಯಲೇ ಇಲ್ಲ. ಬೆಂಗಳೂರಿಗೆ ಹೋಗಿ, ನೆಂಟರ ಮನೆಯಲ್ಲಿ ಇದ್ದುಕೊಂಡು, ಹಾರುವುದನ್ನು ಕಲಿತು, ಲೈಸೆನ್ಸ್ ಹಿಡಿದುಕೊಂಡೇ ಬಂದರು. ಮಾವ ಹೆಮ್ಮೆಯಿಂದ ವಿಮಾನದ ಮೂಗಿಗೆ ಮೂರು ಪಟ್ಟೆ ವಿಭೂತಿ ಎಳೆದರು. ಆಮೇಲೆ ಪ್ರತಿ ಸಲ ಹಾರುವ ಮೊದಲೂ ಎಳೆಯುತ್ತಿದ್ದರು. ಗಾಳಿಗೆ ಅದು ಪ್ರತಿ ಸಲವೂ ಹಾರಿಹೋಗುತ್ತಿತ್ತು, ಅವರು ಬೇಸರಪಡುತ್ತಿರಲಿಲ್ಲ.

ಕೆ.ಆರ್. ನಗರದಲ್ಲಿ ಎಲ್ಲಿ ನೋಡಿದರೂ ಗದ್ದೆ, ಕಾಲುವೆ. ವಿಮಾನ ಇಳಿಯುವುದೆಲ್ಲಿ? ಅದಕ್ಕೇ ಅದು ನಮ್ಮ ಊರಿಗೆ ಬಂತು. ಹುಣಸೂರಿನ ಹೊರಗೆ ನಮ್ಮ ಹೊಗೆಸೊಪ್ಪಿನ ಹೊಲಗಳ ನಡುವೆ ಉದ್ದನೆಯ ಒಂದು ಖುಷ್ಕಿ ಪಟ್ಟಿ ಇತ್ತು. ನಮ್ಮ ತಾತ ಮಗಳ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲ ಅದು. ಕೊಟ್ಟದ್ದು ಬಾಯಿಮಾತಿನಲ್ಲಿ. ಉತ್ತು ಬಿತ್ತುತ್ತಿದ್ದವರು ಅಪ್ಪಾಜಿ. ಹೆಣ್ಣುಮಕ್ಕಳಿಗೆ ಕೊಟ್ಟ ಭೂಮಿಯ ಕಥೆ ಎಲ್ಲ ಮನೆಗಳಲ್ಲೂ ಇಷ್ಟೇ, ನಿಮಗೂ ಗೊತ್ತು. ಆದರೆ ನಮ್ಮ ಅತ್ತೆ ಒಂದು ದಿನ ಬಂದು, ‘ಅಣ್ಣಯ್ಯ, ನನ್ನ ಹೊಲ ಬುಡು, ವಿಮಾನ ಇಳಿಸಬೇಕು’ ಎಂದರು.

‘ಕೊಟ್ಟಿದ್ದೇನೋ ದಿಟ ಕಣವ್ವ’ ಎಂದರು ಅಪ್ಪಾಜಿ. ‘ಉಳೋಕೆ ಕೊಟ್ಟಿದ್ದು, ಆರೋಕಲ್ಲ.’

‘ಅಪ್ಪಯ್ಯ ಅಂಗೇನೂ ಅನ್ನಲಿಲ್ಲ. ಅರಿಶಿನ ಕುಂಕುಮಕ್ಕೆ ಅಂದ್ರು. ನನ್ನ ಕುಂಕುಮ ಯಾವ್ದು ಅಂತ ನಾನು ಏಳ್ತೀನಿ.’

ಅಂತೂ ಹೊಲದಲ್ಲಿ ಹುಲ್ಲು ಬೆಳೆಯಿತು, ವಿಮಾನ ಇಳಿಯಿತು. ನಾನು ಆಗ ತಾನೇ ಮೈಸೂರಿನ ಕಾನ್ವೆಂಟಿನಲ್ಲಿ ಸೀನಿಯರ್ ಕೇಂಬ್ರಿಜ್ ಮುಗಿಸಿಕೊಂಡು ಮನೆಗೆ ಬಂದಿದ್ದೆ. ಪೋಸ್ಚರ್ ಹೇಗಿರಬೇಕು, ಸೂಪನ್ನು ಸದ್ದಿಲ್ಲದೆ ಹೇಗೆ ಕುಡಿಯಬೇಕು, ಕಾರ್ಡಿಗನ್ ಹೇಗೆ ಹೆಣೆಯಬೇಕು, ಇಷ್ಟನ್ನೂ ಸಿಸ್ಟರ್ ಬೆನೆಡಿಕ್ಟಾ ಕಲಿಸಿ ಕಳಿಸಿದ್ದರು. ಹುಣಸೂರಿನಲ್ಲಿ ಸೂಪೂ ಇರಲಿಲ್ಲ, ಕಾರ್ಡಿಗನ್ನಿಗೆ ಬೇಕಾದ ಚಳಿಯೂ ಇರಲಿಲ್ಲ. ಪೋಸ್ಚರ್ ಇತ್ತು. ಅದನ್ನು ಇಟ್ಟುಕೊಂಡು ಹೋಗಿ ಅತ್ತೆಯ ಪಕ್ಕದ ಸೀಟಿನಲ್ಲಿ ಕೂತೆ.

ಆ ವಿಮಾನಕ್ಕೆ ಎರಡು ರೋಗವಿತ್ತು. ಒಂದು, ಬೇಗ ಕಾಯುವುದು. ಇನ್ನೊಂದು, ನಿಧಾನ. ನಿಧಾನಕ್ಕೂ ಸೆಕೆಯೇ ಕಾರಣ. ಆಯಿಲ್ ಎಷ್ಟು ಬಿಸಿಯಾಗಿದೆಯೆಂದು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದೊಡನೆ ಅತ್ತೆ ಎಂಜಿನ್ನಿನ ವೇಗ ತಗ್ಗಿಸಬೇಕಿತ್ತು. ಒಂದು ಸಲ ಎದುರುಗಾಳಿ ಬೇರೆ. ಪಿರಿಯಾಪಟ್ಟಣದ ರಸ್ತೆಯ ಮೇಲೆ ನಾವು ಹಾರುತ್ತಿದ್ದರೆ ಕೆಳಗೆ ಬಸ್ಸೊಂದು ಎಷ್ಟೋ ದೂರ ನಮ್ಮ ಜೊತೆಜೊತೆಗೇ ಬಂತು. ಕಿಟಕಿಯಿಂದ ಕೈಗಳು ಆಚೆ ಬಂದು ಆಡಿದವು. ಮಾರನೇ ದಿನ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಅದರ ಕಂಡಕ್ಟರು ಅತ್ತೆಯನ್ನು ಕಂಡು, ‘ಅಮ್ಮಾವ್ರೆ, ಅರ್ಜೆಂಟ್ ಇದ್ರೆ ನಮ್ ಗಾಡಿ ಅತ್ಕೊಳಿ, ನಿಮ್ದು ಇಂದೆ ಬರ್ಲಿ’ ಎಂದ. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಅತ್ತೆಯೂ ನಕ್ಕರು. ಮನೆಗೆ ಬಂದು ಊಟ ಮಾಡಲಿಲ್ಲ.

ಇಲ್ಲಿ ನಮ್ಮ ಮನೆಯವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡಿದೆವು. ಹೊಗೆಸೊಪ್ಪಿನವರ ಜೀವವೆಲ್ಲ ಇರುವುದು ಬ್ಯಾರನ್ನಿನಲ್ಲಿ. ಎತ್ತರದ ಗೋಡೆಯ ಕೋಣೆ, ಒಳಗೆ ಕೋಲಿಗೆ ಕಟ್ಟಿ ತೂಗುಬಿಟ್ಟ ಎಲೆ, ಕೆಳಗೆ ಬೆಂಕಿ. ಗೋಡೆಯ ಬುಡದ ಕಿಂಡಿಯಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ, ಸೂರಿನ ಕಿಂಡಿಯಿಂದ ಬಿಸಿ ಗಾಳಿ ಆಚೆ ಹೋಗುತ್ತದೆ. ಆ ಕಿಂಡಿಗಳನ್ನು ಯಾವಾಗ ಎಷ್ಟು ತೆರೆಯಬೇಕೆಂಬುದರಲ್ಲಿ ಅಪ್ಪಾಜಿಯನ್ನು ಮೀರಿಸಿದವರು ನಮ್ಮ ತಾಲ್ಲೂಕಿನಲ್ಲಿರಲಿಲ್ಲ. ಒಂದು ದಿನ ಅವರು ಬಂದು ವಿಮಾನದ ಮೂಗನ್ನು ಸುತ್ತು ಹಾಕಿ ನೋಡಿದರು.

‘ಬಿಸಿ ಗಾಳಿ ಮೇಲಕ್ಕೋಗ್ತದೆ. ಇದ್ಕೆ ಮೇಲ್ಗಡೆ ಕಿಂಡೀನೇ ಇಲ್ವಲ್ಲವ್ವ, ಉಸ್ರು ಕಟ್ಟದೆ ಇನ್ನೇನಾದಾತು?’

ಅಣ್ಣ ತಂಗಿ ಒಂದು ಮಾತಿಗೆ ಒಪ್ಪಿದ್ದನ್ನು ಕಂಡು ನಮಗೆಲ್ಲ ಎಷ್ಟು ಸಂತೋಷವಾಯಿತೆಂದರೆ, ಮಾತು ಸರಿಯೇ ಎಂದು ಯಾರೂ ಕೇಳಲಿಲ್ಲ. ಎಂಜಿನ್ನಿನ ಮೇಲಿನ ತಗಡಿನ ಮುಚ್ಚಳದಲ್ಲಿ, ಸೀಟಿನ ಎದುರಿನ ಗಾಜಿಗೆ ಸ್ವಲ್ಪ ಮುಂದೆ, ಸಾಲಾಗಿ ಕಿಂಡಿ ಕೊರೆದೆವು. ವಿಮಾನಕ್ಕೆ ಹೀಗೆಲ್ಲ ಕೈಹಚ್ಚುವ ಮೊದಲು ಸರ್ಕಾರದ ಅಪ್ಪಣೆ ಬೇಕು. ಗೊತ್ತಿತ್ತು. ಕೊರೆದೆವು. ಏನೀಗ?

ಮಾರನೇ ದಿನ ಅತ್ತೆ, ನಾನು ಹಾರಿದೆವು. ಮುಳ್ಳು ಹಿಂದೆಂದಿಗಿಂತ ಬೇಗ ಕೆಂಪು ಗೆರೆ ದಾಟಿತು. ಮುಂದಿನಿಂದ ಗಾಳಿ ಎಳೆದುಕೊಳ್ಳುವ ಮೂಗಿನ ಹೊಳ್ಳೆಗಳಿಂದ ಆಯಿಲ್ ಚಿಮ್ಮಿ ಗಾಜೆಲ್ಲ ಕಂದುಬಣ್ಣಕ್ಕೆ ತಿರುಗಿತು. ಕಂಪಲಾಪುರದ ಹತ್ತಿರ ಕುಯ್ಲಾದ ಹೊಲವೊಂದು ಕಾಣಿಸಿತು, ಅತ್ತೆ ಇಳಿಸಿಬಿಟ್ಟರು. ಅಲ್ಲಿ ಮೇಯುತ್ತಿದ್ದ ದನಗಳು ಹಗ್ಗ ಕಿತ್ತುಕೊಂಡು ಮೂರು ದಿಕ್ಕಿಗೂ ಓಡಿದವು. ನಾವು ಇಳಿದು ನಿಂತೆವು. ಎಂಜಿನ್ನು ಟಿಣ್ ಟಿಣ್ ಅನ್ನುತ್ತಿತ್ತು. ಊರಿಗೆ ಊರೇ ನೆರೆಯಿತು. ಹೊಲದ ಯಜಮಾನ, ವಯಸ್ಸಾದ ಗೌಡರು, ಹತ್ತಿರ ಬಂದು ನೋಡಿದರು.

‘ಗಾಡಿ ಕಾಯ್ತೇನವ್ವ?’

‘ಕಾದದೆ ಗೌಡ್ರೆ.’

‘ನೀರುಯ್ಯಿ ಮತ್ತೆ.’

‘ಉಯ್ದ್ರೆ ಸೀಳು ಬುಡ್ತದೆ. ತಾನಾಗೇ ಆರ್ಬೇಕು.’

ಗೌಡರು ಅದರ ಸದ್ದನ್ನು ಕೇಳುತ್ತಾ ಸ್ವಲ್ಪ ಹೊತ್ತು ನಿಂತರು. ‘ಅದು ಆರೋಗಂಟ ನೀವಾದ್ರೂ ಮಜ್ಜಿಗೆ ಕುಡೀರಿ. ದನ ನಮ್ ಐಕ್ಳು ಇಡ್ಕೊಂಡ್ ಬತ್ತಾವೆ’ ಎಂದರು. ಕಾನ್ವೆಂಟಿನಲ್ಲಿ ನನಗೆ ಮ್ಯಾನರ್ಸ್ ಎಂದು ಹೇಳಿಕೊಟ್ಟದ್ದನ್ನೆಲ್ಲ ಆ ಗೌಡರ ಮಜ್ಜಿಗೆಯ ಮುಂದೆ ಇಟ್ಟು ನೋಡುವುದುಂಟು. ಸುಮಾರಾಗಿ ಕಾಣುತ್ತದೆ.

ಸಂಜೆ ತಂಪಿನಲ್ಲಿ ಹಾರಿ ವಾಪಸು ಬಂದೆವು. ಅಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಬಂದಿತ್ತು, ಬಸ್ಸಿನಲ್ಲಿ. ಅಪ್ಪಾಜಿ ಜಗಲಿಯ ಮೇಲೆ ಕಾಯುತ್ತಿದ್ದರು. ಅವರ ಕಿಂಡಿ ಸುಳ್ಳಾಗಿತ್ತು. ಆ ಸಿಟ್ಟು ಕಿಂಡಿಯ ಮೇಲೆ ಹೋಗದೆ ತಂಗಿಯ ಮೇಲೆ ಬಂತು.

‘ಊರೂರಲ್ಲಿ ದನ ಬೆದರಿಸ್ಕೊಂಡು ಸಾಕು ಗೌರಿ. ಇನ್ನೊಂದೇ ಸಲ. ಪಿರಿಯಾಪಟ್ಣ, ಕೆ.ಆರ್. ನಗರ, ಎಗ್ಗಡದೇವನಕೋಟೆ, ಮೂರೂ ಸುತ್ಕೊಂಡು, ಎಲ್ಲೂ ಕಾಲೂರ್ದೆ ಬಂದು ಇಲ್ಲೇ ಇಳಿ. ಬಂದ್ರೆ ಒಲ ನಿಂದು, ನಾ ತುಟಿ ಬಿಚ್ಚಾಕಿಲ್ಲ. ಇಲ್ದಿದ್ರೆ ಮೊದಲ್ನೇ ಮಳೆಗೆ ನೇಗಿಲು ಕಟ್ತೀನಿ.’

‘ಕಟ್ಟು’ ಎಂದರು ಅತ್ತೆ. ‘ನಾ ಬರದಿದ್ರೆ ಕಟ್ಟು.’

ನಮ್ಮ ಕಡೆ ಹೊಗೆಸೊಪ್ಪಿನ ಪೈರು ನೆಡುವುದು ಮೇ ತಿಂಗಳ ಮಳೆಗೆ. ಹಾಗಾಗಿ ಮೋಡ ಕಟ್ಟುವವರೆಗೆ ಮಾತ್ರ ನಮಗೆ ಸಮಯ.

ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಅದು ಗೊತ್ತಾಗಬೇಕಿತ್ತು. ಬ್ಯಾರನ್ನಿನಲ್ಲಾದರೆ ಕಿಂಡಿಯ ಮುಂದೆ ಬೀಡಿ ಹಿಡಿದರೆ ಹೊಗೆ ಹೇಳುತ್ತದೆ. ಹಾರುವ ವಿಮಾನದ ಮೂಗಿಗೆ ಬೀಡಿ ಹಿಡಿಯುವವರು ಯಾರು? ಅತ್ತೆ ಎರಡು ದಿನ ವಿಮಾನದ ಸುತ್ತ ಓಡಾಡಿ, ಆಮೇಲೆ ನನ್ನ ಟ್ರಂಕಿನ ಮುಂದೆ ಬಂದು ಕೂತರು. ‘ಕುಸುಮಿ, ನಿನ್ನ ಕಾನ್ವೆಂಟ್ ಉಲ್ಲನ್ ಕೊಡೆ.’

ಸಿಸ್ಟರ್ ಬೆನೆಡಿಕ್ಟಾಗೆಂದು ಹೆಣೆಯುತ್ತಿದ್ದ ಬಿಳಿ ಕಾರ್ಡಿಗನ್ ಒಂದು ತೋಳಿನವರೆಗೆ ಬಂದಿತ್ತು. ‘ಗರ್ಲ್ಸ್, ಶುರು ಮಾಡಿದ್ದನ್ನು ಫಿನಿಶ್ ಮಾಡಬೇಕು’ ಎಂಬ ಅವರ ದನಿ ಕಿವಿಯಲ್ಲಿರುವಾಗಲೇ ಆ ತೋಳನ್ನು ಬಿಚ್ಚಿದೆ. ಗೇಣುದ್ದದ ಎಳೆಗಳಾಗಿ ಕತ್ತರಿಸಿ, ಒಂದು ತುದಿಯನ್ನು ಮೈದಾ ಅಂಟಿನಿಂದ ವಿಮಾನದ ಮೂಗಿನ ಮೇಲೆಲ್ಲ ಅಂಟಿಸಿದೆವು. ಅದು ಮುಪ್ಪಿನ ಮೇಕೆಯ ಹಾಗೆ ಕಂಡಿತು. ಅತ್ತೆ ಹಾರಿಸುವುದು, ನಾನು ಎಳೆಗಳನ್ನು ನೋಡುವುದು.

ಮೇಲಕ್ಕೆ ಹೋದ ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ಹಿಂದಕ್ಕೆ ಹಾರಾಡಬೇಕಾದ ಎಳೆಗಳು ನಾವು ಕೊರೆದ ಕಿಂಡಿಗಳ ಒಳಕ್ಕೆ ತೂರಿಕೊಂಡು ಮಾಯವಾಗಿದ್ದವು.

‘ಅತ್ತೆ, ಬಿಸಿಗಾಳಿ ಆಚೆ ಬರ್ತಿಲ್ಲ. ತಣ್ಣನೆ ಗಾಳಿ ಕಿಂಡಿಯಿಂದ ಒಳಗೆ ಹೋಗ್ತಿದೆ.’

‘ಮುಂದ್ಗಡೆ ಮೂಗಿನ ಹೊಳ್ಳೆ ಹತ್ರ?’

‘ಅಲ್ಲಿ ಎಳೆಗಳು ಆಚೆಗೆ ಬರೋಕೆ ನೋಡ್ತಿವೆ.’

ಅತ್ತೆ ನಗುತ್ತಾ ಇಳಿಸಿದರು. ಬ್ಯಾರನ್ ನಿಂತಲ್ಲೇ ನಿಂತಿರುತ್ತದೆ, ಬಿಸಿ ಗಾಳಿ ತನ್ನ ಪಾಡಿಗೆ ಮೇಲೇರುತ್ತದೆ. ವಿಮಾನ ಓಡುತ್ತದೆ. ಎದುರಿನ ಗಾಳಿ ಗಾಜಿಗೆ ಬಡಿದು, ಅದರ ಬುಡದಲ್ಲಿ ಒತ್ತಿಕೊಂಡು, ಕಿಂಡಿ ಸಿಕ್ಕರೆ ಒಳಕ್ಕೇ ನುಗ್ಗುತ್ತದೆ. ಮುಂದಿನಿಂದಲೂ ಗಾಳಿ, ಮೇಲಿನಿಂದಲೂ ಗಾಳಿ, ಆಚೆ ಹೋಗಲು ತಳದಲ್ಲಿ ಒಂದೇ ಸಣ್ಣ ಬಾಯಿ. ಜಾತ್ರೆಯ ಬಸ್ಸಿಗೆ ಎರಡು ಬಾಗಿಲಿನಿಂದಲೂ ಹತ್ತಿದರೆ ಹೇಗೆ, ಹಾಗೆ.

ಆಮೇಲಿನ ಕೆಲಸ ಸಲೀಸು ಎಂದರೆ ಸುಳ್ಳಾಗುತ್ತದೆ. ಮೇಲಿನ ಕಿಂಡಿಗಳಿಗೆ ತಗಡು ಹೊಡೆದು ಮುಚ್ಚಿದೆವು. ವಿಮಾನದ ಹೊಟ್ಟೆಯ ಕೆಳಗೆ ಗಾಳಿ ಆಚೆ ಹೋಗುವ ಆ ಬಾಯಿ ದೊಡ್ಡದು ಮಾಡಿ, ಅದರ ಮುಂದಂಚಿಗೆ ಕೆಳಮುಖವಾಗಿ ಒಂದು ತುಟಿ ಇಟ್ಟೆವು. ಓಡುವ ಗಾಳಿ ಆ ತುಟಿಯನ್ನು ದಾಟುವಾಗ ಒಳಗಿನ ಬಿಸಿಯನ್ನು ತಾನೇ ಎಳೆದುಕೊಳ್ಳುತ್ತದೆ. ಒಳಗೆ ಬಂದ ಗಾಳಿ ಸಿಲಿಂಡರುಗಳ ನಡುವೆಯೇ ಹಾದುಹೋಗಲಿ, ಪಕ್ಕದಿಂದ ತಪ್ಪಿಸಿಕೊಳ್ಳದಿರಲಿ ಎಂದು ಅಡ್ಡ ತಗಡುಗಳನ್ನು ಕಟ್ಟಿದೆವು. ಆ ತಗಡಿಗಾಗಿ ಅಮ್ಮನ ದೊಡ್ಡ ಅಲ್ಯೂಮಿನಿಯಂ ಪರಾತ ಹೋಯಿತು. ಅಮ್ಮ ಅದನ್ನು ತಿಂಗಳುಗಟ್ಟಲೆ ಹುಡುಕಿದರು. ತಗಡಿಗೂ ಮುಚ್ಚಳಕ್ಕೂ ನಡುವಿನ ಸಂದಿಗೆ ಮೊದಲು ಸೈಕಲ್ ಟ್ಯೂಬ್ ತುರುಕಿದೆವು. ಕರಗಿ ನಾತ ಹೊಡೆಯಿತು. ಕೊನೆಗೆ ಮಾವ ಕೋಟೆಯ ಕಡೆಯಿಂದ ತಂದಿದ್ದ ಕುರುಬರ ಕಂಬಳಿಯನ್ನು ಪಟ್ಟಿ ಪಟ್ಟಿ ಕತ್ತರಿಸಿ, ಮಡಿಸಿ, ಸಂದಿಗೆಲ್ಲ ಹೊಲಿದುಕೂರಿಸಿದೆವು. ಕಂಬಳಿ ಸುಡಲಿಲ್ಲ, ಕರಗಲಿಲ್ಲ. ಸೆಕೆ ಎಂದು ಅಳುವವರಿಗೆ ಕಂಬಳಿ ಹೊದಿಸಿ ತಂಪು ಮಾಡಿದ್ದು ಲೋಕದಲ್ಲಿ ನಾವೇ ಇರಬೇಕು.

ಒಳಗೆ ಗಾಳಿ ಗುದ್ದಾಡುವುದು ತಪ್ಪಿದ್ದರಿಂದ ಮುಂದಿನ ಹೊಳ್ಳೆಗಳನ್ನು ಕಿರಿದು ಮಾಡಬಹುದಾಯಿತು. ವಿಮಾನ ತಾನಾಗಿಯೇ ಚುರುಕಾಯಿತು. ಅಷ್ಟಕ್ಕೆ ಅತ್ತೆಗೆ ತೃಪ್ತಿಯಿಲ್ಲ. ಗಾಳಿಗೆ ಅಡ್ಡ ಬರುವುದನ್ನೆಲ್ಲ ಕಿತ್ತರು. ಹತ್ತುವ ಮೆಟ್ಟಿಲನ್ನೂ ಕಿತ್ತರು. ಆಮೇಲೆ ಸೀರೆಯನ್ನು ಕಚ್ಚೆ ಕಟ್ಟಿ, ಮಾವ ಹಿಡಿದ ಅಡಿಗೆಮನೆಯ ಮಣೆಯ ಮೇಲೆ ಕಾಲಿಟ್ಟು ಹತ್ತುತ್ತಿದ್ದರು.

ಹೊರಡುವ ಹಿಂದಿನ ಸಂಜೆ ಮಳೆ ಬಂತು. ಆ ವರ್ಷದ ಮೊದಲನೆಯದು, ಒಳ್ಳೆಯ ಮಳೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಪ್ಪಾಜಿ ಹೊಲದ ಬದುವಿನಲ್ಲಿ ಕೂತು ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡುತ್ತಿದ್ದರು. ನಮ್ಮ ಕಡೆಗೆ ತಿರುಗಲಿಲ್ಲ. ಮಾವ ವಿಭೂತಿ ಎಳೆದರು. ಹೊರಟೆವು.

ಪಿರಿಯಾಪಟ್ಟಣದ ಕೋಟೆ ಬಯಲನ್ನು ಸುತ್ತಿ ಮುಗಿಸಿದರೂ ಮುಳ್ಳು ಅರ್ಧಕ್ಕೆ ಬಂದಿರಲಿಲ್ಲ. ಕೆ.ಆರ್. ನಗರದಲ್ಲಿ ಕಾವೇರಿ ಮಿಂಚಿತು. ಮಾವನ ಮಿಲ್ಲಿನ ಅಂಗಳದಲ್ಲಿ ಭತ್ತ ಹರವುತ್ತಿದ್ದ ಹೆಂಗಸರು ಮೊರ ಎತ್ತಿ ಬೀಸಿದರು. ಅಲ್ಲಿಂದ ಹೆಗ್ಗಡದೇವನಕೋಟೆಗೆ ಉದ್ದದ ದಾರಿ. ಆಚೆಗೆ ಕಾಡು ಶುರುವಾಗುತ್ತದೆ, ಇಳಿಯುತ್ತೇನೆಂದರೂ ಜಾಗವಿಲ್ಲ. ಅಲ್ಲಿ ಮುಳ್ಳು ಸ್ವಲ್ಪ ಏರಿತು. ಅತ್ತೆ ವೇಗ ತಗ್ಗಿಸಲಿಲ್ಲ. ‘ಏರ್ಲಿ, ನೋಡಾಣ’ ಎಂದರು. ಅದು ಅಲ್ಲೇ ನಿಂತಿತು. ನಾನು ಸಿಸ್ಟರ್ ಕಲಿಸಿದ ಇಂಗ್ಲಿಷ್ ಪ್ರಾರ್ಥನೆಯನ್ನೂ, ಓಂ ನಮಃ ಶಿವಾಯವನ್ನೂ ಒಂದರ ಹಿಂದೊಂದು ಹೇಳಿಕೊಂಡೆ. ಯಾವುದು ಕೆಲಸ ಮಾಡಿತೋ. ಕೋಟೆಯ ಕಚೇರಿಯ ಹೆಂಚು ಕೆಳಗೆ ಸರಿಯಿತು, ನಾವು ಮನೆಯ ಕಡೆ ತಿರುಗಿದೆವು.

ಲಕ್ಷ್ಮಣತೀರ್ಥ ದಾಟಿ ನಮ್ಮ ಹೊಲ ಕಂಡಾಗ ಅತ್ತೆ ಮೊದಲ ಬಾರಿಗೆ ಕೆಟ್ಟ ಮಾತೊಂದನ್ನು ಆಡಿದ್ದು ಕೇಳಿದೆ. ಹಸಿರು ಪಟ್ಟಿಯ ಅರ್ಧ ಕೆಂಪಗಾಗಿತ್ತು. ಅಪ್ಪಾಜಿ ನೇಗಿಲು ಕಟ್ಟಿದ್ದರು. ಒಂದರ ಹಿಂದೊಂದು ಜೋಡೆತ್ತುಗಳು, ಸಾಲು ಸಾಲು ಉಕ್ಕೆ. ಹಸಿ ಉಕ್ಕೆಯ ಮೇಲೆ ಗಾಲಿ ಇಟ್ಟರೆ ವಿಮಾನ ಮಗುಚುತ್ತದೆ. ಉಳಿದ ಅರ್ಧ ಮೋಟು.

ಮೊದಲಿನ ಹಾಗೆ ಕಾಯುವ ಎಂಜಿನ್ನಾಗಿದ್ದರೆ ಇನ್ನೊಂದು ಸುತ್ತು ಹೊಡೆಯುವಷ್ಟು ತಾಳ್ಮೆ ಅದಕ್ಕಿರುತ್ತಿರಲಿಲ್ಲ. ಈಗ ಅತ್ತೆ ಸುತ್ತು ಹೊಡೆದರು. ಮತ್ತೊಂದು ಹೊಡೆದರು. ಎತ್ತುಗಳ ಮೇಲೆ ಅಷ್ಟು ತಗ್ಗಾಗಿ ಹೋದರು, ಆಳುಗಳು ನೊಗ ಬಿಚ್ಚಿ ಎತ್ತು ಹಿಡಿದುಕೊಂಡು ಬದುವಿಗೆ ಓಡಿದರು. ‘ಬೇರೆ ಕಡೆ ಇಳಿಯೋಣ ಅತ್ತೆ’ ಎಂದೆ. ‘ಬೇರೆ ಕಡೆ ಇಳಿದ್ರೆ ಸೋತಂಗೆ. ಗಟ್ಟಿಯಾಗಿ ಕೂತ್ಕೊ’ ಎಂದರು. ಉಕ್ಕೆಯ ಮೇಲೆ ತೇಲಿ, ಅದು ಮುಗಿದ ಕಡೆ ಹುಲ್ಲಿಗೆ ಗಾಲಿ ಮುಟ್ಟಿಸಿ, ಆ ತುದಿಯ ಕಳ್ಳಿಬೇಲಿಗೆ ಇನ್ನೇನು ತಾಗಬೇಕು, ಅಲ್ಲಿ ನಿಲ್ಲಿಸಿದರು.

ಇಳಿದವರೇ ನೇರವಾಗಿ ಅಣ್ಣನ ಮುಂದೆ ಹೋಗಿ ನಿಂತರು. ‘ಏನಣ್ಣಯ್ಯ ಇದು?’

‘ಅದ ಬಂದದೆ ಕಣವ್ವ’ ಎಂದರು ಅಪ್ಪಾಜಿ. ಉಳುಮೆಗೆ ತಕ್ಕ ತೇವ ಬಂತೆಂದರೆ ಆ ದಿನ ಬಿಟ್ಟರೆ ಕೆಟ್ಟಿತು, ರೈತನ ಮೈಯಲ್ಲಿ ಅದು ಹೆದರಿಕೆಯ ಹಾಗೆ ಇರುತ್ತದೆ. ‘ಅದ ಯಾರ್ಗೂ ಕಾಯಾಕಿಲ್ಲ. ನೀನು ಕೋಟೆ ಕಾಡ್ತಾವ ಎಲ್ಲೋ ಇಳ್ಕೊಂಡಿರ್ತೀಯ ಅಂದ್ಕಂಡೆ.’

‘ಇಳೀಲಿಲ್ಲ. ಬಂದು ಮುಟ್ಟಿ ನೋಡು.’

ಅಪ್ಪಾಜಿ ಬಂದರು. ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು ಒಳಗಿನ ಬಿಸಿ ಹೇಳುತ್ತಿದ್ದ ಕೈ ಅದು. ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟು ತೆಗೆಯದೆ ನಿಂತರು. ‘ಎಲೆ ಅಳದಿ ತಿರ್ಗೋ ದಿನದ ಗೋಡೆ ಇದ್ದಂಗದೆ’ ಎಂದರು. ಅದು ಬ್ಯಾರನ್ನಿನ ಅತಿ ಹಗುರ ಕಾವು. ಆಮೇಲೆ ಬಗ್ಗಿ ಕೆಳಗಿನ ಬಾಯಿ ನೋಡಿದರು. ‘ತಳದಿಂದ ಬುಟ್ರಾ ಬಿಸೀನ?’

‘ತಳದಿಂದ ಬುಟ್ವಿ. ಈಗ ಕೇಳು. ಉತ್ತಿದ್ದು ನಿಂಗಾಯ್ತು. ಉಳಿದಿದ್ದು ನಂದು. ಇನ್ನೊಂದು ಸಾಲು ಇಳಿದ್ರೆ ನೇಗಿಲ ಮುಂದೆ ಮಲಕ್ಕೊತೀನಿ, ನನ್ನ ಮೇಲೆ ಉಳು.’

‘ನೀ ಮಲಕ್ಕೊಳೋಳೆಯ’ ಎಂದು ಗೊಣಗಿ, ಅಪ್ಪಾಜಿ ನೇಗಿಲುಗಳನ್ನು ಆಳುಗಳ ಹೆಗಲಿಗೆ ಹಾಕಿಸಿ ಹೊರಟರು. ಸೋತೆ ಎನ್ನಲಿಲ್ಲ. ಮತ್ತೆ ಆ ಅರ್ಧಕ್ಕೆ ನೇಗಿಲು ತರಲೂ ಇಲ್ಲ.

ಅಣ್ಣ ಅರ್ಧದಲ್ಲಿ ಹೊಗೆಸೊಪ್ಪು ಬೆಳೆದರು, ತಂಗಿ ಅರ್ಧದಿಂದ ಹಾರಿದರು. ಎಂಜಿನ್ನಿನ ಪೂರ್ತಿ ಬಲವನ್ನು ಹೆದರದೆ ಬಳಸಬಹುದಾದ್ದರಿಂದ ಅಷ್ಟು ಮೋಟು ಪಟ್ಟಿ ಸಾಕಾಗುತ್ತಿತ್ತು. ವರ್ಷದ ತಪಾಸಣೆಗೆ ಬೆಂಗಳೂರಿಗೆ ಹೋದಾಗ ಇನ್‌ಸ್ಪೆಕ್ಟರರೊಬ್ಬರು ಮುಚ್ಚಳ ತೆಗೆದು, ಕಂಬಳಿ ಮೂಸಿ, ‘ಯಾರ ಅಪ್ಪಣೆ ಮೇಲೆ ಇದನ್ನು ಮಾಡಿದಿರಿ?’ ಎಂದರಂತೆ. ‘ಮಾಡೋದಕ್ಕೆ ಅಪ್ಪಣೆ ಕೇಳೋಕೆ ಬಂದಿಲ್ಲ. ಮಾಡಿರೋದು ಸರಿಯೋ ತಪ್ಪೋ ಹೇಳಿ’ ಎಂದರಂತೆ ಅತ್ತೆ. ಅವರು ಬೈದರು, ಹಾರಿಸಿ ನೋಡಿದರು, ಕಂಬಳಿಯ ಬದಲು ಏನೋ ಸರ್ಕಾರಿ ಪಟ್ಟಿ ಹಾಕಿಸಿ ಸಹಿ ಮಾಡಿದರು.

ನನ್ನ ಮದುವೆಯಾಯಿತು, ಗಂಡನ ಕೆಲಸ ಅಸ್ಸಾಮಿನ ಕಡೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಅತ್ತೆ ಮತ್ತೊಮ್ಮೆ ತಪಾಸಣೆಗೆ ಹೊರಟಿದ್ದರು. ಬಾಣಂತಿ ಹೊಸಿಲು ದಾಟಬಾರದೆಂದು ಅಮ್ಮ ಬಾಗಿಲಲ್ಲೇ ಕೂತಿದ್ದರು. ನಾನು ಹಿತ್ತಲಿನಿಂದ ದಾಟಿದೆ. ತಲೆಗೆ ಸುತ್ತಿದ ಬಟ್ಟೆ, ಕಂಕುಳಲ್ಲಿ ಮಗಳು, ಹೊಲಕ್ಕೆ ನಡೆದುಕೊಂಡೇ ಹೋದೆ.

‘ಗಾಳಿಗೆ ಬಂದಿದ್ದೀಯಲ್ಲೆ, ನಿಮ್ಮಮ್ಮ ಸುಮ್ನಿರ್ತಾಳಾ?’ ಎಂದರು ಅತ್ತೆ, ಆಗಲೇ ಸೀಟಿನಲ್ಲಿ ಕೂತು.

‘ಇರಲ್ಲ.’

‘ಸರಿ. ಮಗೂನ ಎತ್ತಿ ಇಡ್ಕೊ, ನೋಡ್ಲಿ.’

ಆ ಸಲ ತಪಾಸಣೆ ತಿಂಗಳುಗಟ್ಟಲೆ ಎಳೆಯಿತು, ಅವರು ವಾಪಸು ಬರುವ ಹೊತ್ತಿಗೆ ನಾನು ಅಸ್ಸಾಮಿನ ರೈಲಿನಲ್ಲಿದ್ದೆ. ಮುಂದಿನ ವರ್ಷ ಅಸ್ಸಾಮಿಗೆ ತಂತಿ ಬಂತು: ಅತ್ತೆಗೆ ಜ್ವರ, ನಾಲ್ಕೇ ದಿನದಲ್ಲಿ ಹೋದರು. ಹಾಗಾಗಿ ನಾನು ಗೌರತ್ತೆಯನ್ನು ಕೊನೆಯ ಸಲ ನೋಡಿದ್ದು ಅವತ್ತು ಹೊಲದಲ್ಲೇ. ಬೆಂಗಳೂರು ಇರುವುದು ಪೂರ್ವಕ್ಕೆ. ಅತ್ತೆ ನೆಲ ಬಿಟ್ಟವರು ಪೂರ್ವಕ್ಕೆ ತಿರುಗದೆ ನೇರವಾಗಿ ಅಣ್ಣನ ಅರ್ಧದ ಮೇಲೆ ಹೋದರು, ಎಲೆ ಅಲುಗುವಷ್ಟು ತಗ್ಗಾಗಿ. ಕಳೆ ಕೀಳುತ್ತಿದ್ದವರೆಲ್ಲ ನೆಲಕ್ಕೆ ಕುಕ್ಕರಿಸಿದರು. ಅಪ್ಪಾಜಿ ಒಬ್ಬರು ಸೊಪ್ಪಿನ ನಡುವೆ ನೆಟ್ಟಗೆ ನಿಂತಿದ್ದರು. ಅವರ ರುಮಾಲು ಹಾರಿ ದೂರ ಬಿತ್ತು. ಅವರು ತಲೆ ತಗ್ಗಿಸಲಿಲ್ಲ. ಅತ್ತೆಯೂ ವಿಮಾನವನ್ನು ಮೇಲೆತ್ತಲಿಲ್ಲ.